ಅಂಡ್ ಸನ್ಸ್

ನಮ್ಮ ಕಡೆಯ ಅಕ್ಕಿ ಚೀಲಗಳ ಮೇಲೆ ಮಕ್ಕಳ ಮುಖಗಳಿರುತ್ತವೆ. ಸಿಂಧನೂರಿನಿಂದ ಕಾರಟಗಿ ಕಡೆಗೆ ಹೋಗುವ ರಸ್ತೆಯಲ್ಲಿ ಯಾವುದಾದರೂ ಮಿಲ್ಲಿನ ಮುಂದೆ ಲಾರಿ ತುಂಬುವುದನ್ನು ನಿಂತು ನೋಡಿ. ದೇವರು, ನವಿಲು, ಕಮಲದ ಹೂಗಳ ನಡುವೆ ಮಾಲೀಕರ ಮಗನೋ ಮೊಮ್ಮಗನೋ ನಗುತ್ತಿರುತ್ತಾನೆ. ನಮ್ಮ ಚೀಲದ ಮೇಲಿರುವವನು ನನ್ನ ತಮ್ಮ. ಮೂರು ವರ್ಷದವನಿದ್ದಾಗ ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ. ಈಗ ಅವನಿಗೆ ಗಡ್ಡ ಬಂದು, ಅಲ್ಲೊಂದು ಇಲ್ಲೊಂದು ಬಿಳಿ ಕೂದಲೂ ಬಂದಿದೆ. ಚೀಲದ ಮೇಲೆ ಮಾತ್ರ ಇನ್ನೂ ಹಲ್ಲು ಪೂರ್ತಿ ಬಂದಿಲ್ಲ. ಹೆಣ್ಣುಮಗುವಿನ ಫೋಟೊ ಇರುವ ಚೀಲಗಳೂ ಇವೆ, ಮಗಳು ಲಕ್ಷ್ಮಿ ಎಂಬ ನಂಬಿಕೆಯಿಂದ. ಆದರೆ ಮಗಳು ಚೀಲದ ಮೇಲೆ ಬರುತ್ತಾಳೆಯೇ ಹೊರತು ಗೇಟಿನ ಬೋರ್ಡಿನ ಮೇಲೆ ಬರುವುದಿಲ್ಲ. ಬೋರ್ಡಿನ ಮೇಲೆ ಇರುವುದು ‘ಅಂಡ್ ಸನ್ಸ್’.

ನನ್ನ ಪಿಎಚ್‌ಡಿ ವಿಷಯ ಕುಟುಂಬದ ಒಡೆತನ ಮತ್ತು ಉದ್ಯಮದ ಸಾಧನೆ. ಮನೆಯವರೇ ಕಂಪನಿಯ ಮಾಲೀಕರಾಗಿದ್ದರೆ ಲಾಭ ಹೆಚ್ಚುತ್ತದೆಯೇ, ಹೊಸತು ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ದಲಾಲಿ ಅಂಗಡಿ ಅಂತ ತಿರುಗಿದ್ದೇನೆ. ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಇತ್ತು: ‘ಕಳೆದ ಮೂರು ವರ್ಷಗಳಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ವಹಿವಾಟಿನ ಶೇಕಡಾ ಎಷ್ಟು ಖರ್ಚು ಮಾಡಿದ್ದೀರಿ?’ ಹಿರಿಯ ಮಿಲ್ ಮಾಲೀಕರೊಬ್ಬರು ಇದನ್ನು ಕೇಳಿ, “ಸಂಶೋಧನಾ ಎಲ್ಲಾ ನಿಮ್ಮಂಥವ್ರು ಮಾಡ್ಬೇಕವಾ, ನಾವು ನೆಲ್ಲು ಕುಟ್ಟಾವ್ರು” ಎಂದು ನಕ್ಕು ಚಹಾ ತರಿಸಿದರು. ನಾನು ಸೊನ್ನೆ ಬರೆದುಕೊಂಡೆ. ಚಹಾ ಮುಗಿದ ಮೇಲೆ ಅದೇ ಮನುಷ್ಯ ನನ್ನನ್ನು ಗೋದಾಮಿನ ಹಿಂದಕ್ಕೆ ಕರೆದೊಯ್ದು ತಾವು ಕಟ್ಟಿಸಿದ ಒಣಗಿಸುವ ಯಂತ್ರ ತೋರಿಸಿದರು.

ಅದರ ಹಿನ್ನೆಲೆ ಹೀಗಿದೆ. ಮೊದಲು ಭತ್ತವನ್ನು ಕೈಯಿಂದ ಕೊಯ್ದು, ಗದ್ದೆಯಲ್ಲೇ ಒಣಗಿಸಿ, ಬಣವೆ ಹಾಕಿ, ಆಮೇಲೆ ಬಡಿಯುತ್ತಿದ್ದರು. ಕಟಾವು ಯಂತ್ರ ಬಂದ ಮೇಲೆ ಬೆಳಿಗ್ಗೆ ಗದ್ದೆಯಲ್ಲಿದ್ದ ಭತ್ತ ಸಂಜೆಗೆ ಟ್ರ್ಯಾಕ್ಟರಿನಲ್ಲಿ ಮಿಲ್ಲಿನ ಅಂಗಳಕ್ಕೆ ಬರುತ್ತದೆ, ಹಸಿ ಹಸಿಯಾಗಿ. ಅಕಾಲದ ಮಳೆ ಹಿಡಿದರೆ ರಾಶಿಯೊಳಗೆ ಕಾವು ಏರಿ ಕಾಳು ಬಣ್ಣ ಕೆಡುತ್ತದೆ, ಮೊಳಕೆಯೂ ಒಡೆಯುತ್ತದೆ. ಈ ಮನುಷ್ಯ ಒಬ್ಬ ವೆಲ್ಡಿಂಗ್ ಅಂಗಡಿಯ ಹುಡುಗನನ್ನು ಜೊತೆಗಿಟ್ಟುಕೊಂಡು, ಹಳೆಯ ಬ್ಲೋವರ್ ಒಂದನ್ನು ತಂದು, ತಮ್ಮದೇ ಮಿಲ್ಲಿನ ಹೊಟ್ಟು ಉರಿಸುವ ಒಲೆ ಕಟ್ಟಿದ್ದರು. ಮೊದಲ ಹಂಗಾಮಿನಲ್ಲಿ ಬಿಸಿ ಹೆಚ್ಚಾಗಿ ಕಾಳೊಳಗೆ ಬಿರುಕು ಬಂದು ಅರ್ಧ ನುಚ್ಚಾಯಿತು. ಎರಡನೇ ಹಂಗಾಮಿನಲ್ಲಿ ಬಿಸಿ ಇಳಿಸಿ, ನಡುವೆ ಕೆಲವು ತಾಸು ಕಾಳನ್ನು ಸುಮ್ಮನೆ ಬಿಟ್ಟು, ಮತ್ತೆ ಬಿಸಿ ಗಾಳಿ ಕೊಟ್ಟು ನೋಡಿದರು. ನುಚ್ಚು ಇಳಿಯಿತು. ಇದರ ಖರ್ಚು ಲೆಕ್ಕದಲ್ಲಿ ಎಲ್ಲಿದೆ ಅಂತ ಕೇಳಿದೆ. “ರಿಪೇರಿ” ಅಂದರು.

ಹೀಗೆ ರಿಪೇರಿ ಖಾತೆಯೊಳಗೆ ಅಡಗಿ ಕೂತ ಸಂಶೋಧನೆಯನ್ನು ನಾನು ಆಮೇಲೆ ಹತ್ತಾರು ಕಡೆ ನೋಡಿದೆ. 2016ರಲ್ಲಿ ಡುರಾನ್ ಮತ್ತು ಸಂಗಡಿಗರು 42 ದೇಶಗಳ 108 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಕುಟುಂಬದ ಕಂಪನಿಗಳು ಹೊಸತನಕ್ಕೆ ಹಾಕುವ ದುಡ್ಡು ಕಡಿಮೆ, ಆದರೆ ಅದರಿಂದ ಹುಟ್ಟಿಸುವ ಫಲ ಹೆಚ್ಚು. ತಮ್ಮ ಸ್ವಂತ ದುಡ್ಡು ಎಂಬ ಕಾರಣಕ್ಕೆ ಕೈ ಬಿಗಿ. ಅದೇ ಕಾರಣಕ್ಕೆ ಹಾಕಿದ ರೂಪಾಯಿಯ ಮೇಲೆ ಕಣ್ಣು. ರಾತ್ರಿ ಹನ್ನೊಂದಕ್ಕೆ ಒಬ್ಬರಿಗೆ ಏನೋ ಹೊಳೆದರೆ ಮರುದಿನ ಬೆಳಿಗ್ಗೆ ಕಬ್ಬಿಣದ ಅಂಗಡಿಗೆ ಹೋಗಬಹುದು. ಮೀಟಿಂಗು, ನಿರ್ಣಯ ಏನೂ ಬೇಡ.

ಆದರೆ ನಮ್ಮ ಮಿಲ್ಲುಗಳ ಭಾಗ್ಯ ತೆರೆದ ದೊಡ್ಡ ಹೊಸತನಗಳು ಯಾವ ಮನೆತನದಲ್ಲೂ ಹುಟ್ಟಿದವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವವರೆಗೆ ಇದು ಜೋಳ, ಹತ್ತಿ ಬೆಳೆಯುವ ಎರೆ ಸೀಮೆ. ನೀರಿನ ಹಿಂದೆಯೇ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡರು. ಅವರು ನೆಲೆಸಿದ ಊರುಗಳೆಲ್ಲ ಇವತ್ತಿಗೂ ‘ಕ್ಯಾಂಪ್’ಗಳೇ. ಆಮೇಲೆ ಬಂಗಾಳಿ ನಿರಾಶ್ರಿತರಿಗೂ ಸರ್ಕಾರ ಇಲ್ಲೇ ಕ್ಯಾಂಪ್ ಮಾಡಿಕೊಟ್ಟಿತು. ಭತ್ತ ಬೆಳೆಯುವುದನ್ನು ನಮ್ಮ ಅಜ್ಜನ ಕಾಲದವರು ಕಲಿತದ್ದು ಈ ಕ್ಯಾಂಪಿನವರನ್ನು ನೋಡಿ. ಇಂದು ಎಲ್ಲರ ಬಾಯಲ್ಲಿರುವ ಬಿಪಿಟಿ ತಳಿ ಆಂಧ್ರದ ಬಾಪಟ್ಲಾ ಸಂಶೋಧನಾ ಕೇಂದ್ರದ್ದು, ಆರ್‌ಎನ್‌ಆರ್ ಹೈದರಾಬಾದಿನ ರಾಜೇಂದ್ರನಗರದ್ದು. ಎರಡೂ ಸರ್ಕಾರಿ ಸಂಬಳದ ವಿಜ್ಞಾನಿಗಳ ಕೆಲಸ. ಚೀಲದ ಮೇಲೆ ಅವರ ಫೋಟೊ ಯಾರೂ ಹಾಕಿಲ್ಲ.

ಪಿಎಚ್‌ಡಿಯ ಮೊದಲ ವರ್ಷ ನಾನು ಓದಿದ ಪ್ರಬಂಧಗಳಲ್ಲಿ ಬಹಳಷ್ಟು ಅಮೆರಿಕದ ದೊಡ್ಡ ಕಂಪನಿಗಳ ಮೇಲಿನವು. ಆಂಡರ್ಸನ್ ಮತ್ತು ರೀಬ್ 2003ರಲ್ಲಿ, ಅಲ್ಲಿನ ಐನೂರು ದೊಡ್ಡ ಕಂಪನಿಗಳಲ್ಲಿ ಮೂರನೇ ಒಂದು ಭಾಗದಲ್ಲಿ ಸ್ಥಾಪಕ ಕುಟುಂಬದ ಹಿಡಿತವಿದೆ, ಅವು ಉಳಿದವುಗಳಿಗಿಂತ ಚೆನ್ನಾಗಿ ನಡೆಯುತ್ತಿವೆ ಎಂದು ತೋರಿಸಿದರು. ಮೂರು ವರ್ಷದ ನಂತರ ವಿಲ್ಲಲೊಂಗಾ ಮತ್ತು ಅಮಿತ್, ಅದು ಸ್ಥಾಪಕ ಇರುವವರೆಗಿನ ಮಾತು, ಮಕ್ಕಳು ಕುರ್ಚಿಯಲ್ಲಿ ಕೂತರೆ ಮೌಲ್ಯ ಕರಗುತ್ತದೆ ಎಂದರು. ಇವೆಲ್ಲ ನನಗೆ ದೂರದ ಸುದ್ದಿಯಂತಿದ್ದವು. ಹತ್ತಿರ ಬಂದದ್ದು ಸ್ಪೇನಿನ ಎಣ್ಣೆ ಗಿರಣಿಗಳು.

ದಕ್ಷಿಣ ಸ್ಪೇನಿನಲ್ಲಿ ಆಲಿವ್ ಕಾಯಿ ಅರೆದು ಎಣ್ಣೆ ತೆಗೆಯುವ 1,237 ಕುಟುಂಬದ ಗಿರಣಿಗಳನ್ನು ಗೋಮೆಸ್-ಮೆಹಿಯಾ ಮತ್ತು ಸಂಗಡಿಗರು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಗಿರಣಿಯವರ ಮುಂದೆ ಎರಡು ದಾರಿ ಇತ್ತು. ಸಹಕಾರಿ ಸಂಘ ಸೇರಿದರೆ ನಷ್ಟದ ಭಯ ಕಡಿಮೆ, ಆದರೆ ಹಿಡಿತ ಹೋಗುತ್ತದೆ. ಸೇರದಿದ್ದರೆ ಹಿಡಿತ ಉಳಿಯುತ್ತದೆ, ಆದರೆ ಮುಳುಗುವ ಅಪಾಯ ಹೆಚ್ಚು. ಕುಟುಂಬಗಳು ಮತ್ತೆ ಮತ್ತೆ ಆರಿಸಿಕೊಂಡದ್ದು ಎರಡನೆಯದನ್ನು. ಲಾಭ ಕಡಿಮೆಯಾದರೂ ಸರಿ, ಗಿರಣಿ ‘ನಮ್ಮದು’ ಅನ್ನಿಸಿಕೊಳ್ಳಬೇಕು. ಇದಕ್ಕೆ ಅವರು ಕೊಟ್ಟ ಹೆಸರು ಭಾರವಾದದ್ದು, ‘ಸಾಮಾಜಿಕ-ಭಾವನಾತ್ಮಕ ಸಂಪತ್ತು’. ನಮ್ಮಪ್ಪನ ಭಾಷೆಯಲ್ಲಿ ಅದು “ಮಾನ”. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಿಡದ ವರ್ಷ ಮಿಲ್ಲು ತಿಂಗಳುಗಟ್ಟಲೆ ನಿಂತಿರುತ್ತದೆ. ಹೊರಗಿನವರು ಬಾಡಿಗೆಗೆ ಕೇಳಿದರೆ ಅಪ್ಪ ಕೊಡುವುದಿಲ್ಲ. ಬೇರೆಯವರ ಚೀಲ ನಮ್ಮ ಗೇಟಿನಿಂದ ಹೊರಗೆ ಹೋಗಬಾರದು.

ಮಾನದ ಖರ್ಚು ಎಷ್ಟು ಎಂಬುದಕ್ಕೆ ನಮ್ಮ ಗೋದಾಮಿನ ನಡುವಿನ ಗೋಡೆ ಸಾಕ್ಷಿ. ಅಜ್ಜ ದಲಾಲಿ ಅಂಗಡಿಯ ದುಡ್ಡಿನಲ್ಲಿ ಹಲ್ಲರ್ ಹಾಕಿದವರು. ಅಪ್ಪ ಮತ್ತು ಕಾಕಾ ಕೂಡಿ ಅದನ್ನು ರಬ್ಬರ್ ರೋಲಿನ ಶೆಲ್ಲರ್, ಪಾಲಿಶರ್ ಇರುವ ಮಿಲ್ಲು ಮಾಡಿದರು. ಅಜ್ಜ ತೀರಿಕೊಂಡ ನಾಲ್ಕನೇ ವರ್ಷಕ್ಕೆ ಪಾಲಾಯಿತು. ಗೋಡೆ ಎದ್ದ ಮೇಲೆ ಇಬ್ಬರೂ ಬೇರೆ ಬೇರೆ ಸಾಲ ಮಾಡಿ ಬೇರೆ ಬೇರೆ ಸಾರ್ಟೆಕ್ಸ್ ತಂದರು. ಸಾರ್ಟೆಕ್ಸ್ ಅಂದರೆ ಕ್ಯಾಮೆರಾ ಕಣ್ಣಿನಿಂದ ಒಂದೊಂದೇ ಕಾಳು ನೋಡಿ, ಕಪ್ಪು ಕಾಳನ್ನು ಗಾಳಿಯಿಂದ ಊದಿ ಬಿಸಾಡುವ ಯಂತ್ರ. ಅದಿಲ್ಲದ ಅಕ್ಕಿಯನ್ನು ಬೆಂಗಳೂರಿನ ಅಂಗಡಿಯವರು ಈಗ ಕೇಳುವುದಿಲ್ಲ. ಒಂದೇ ಗೋಡೆಯ ಆಚೆಗೊಂದು ಈಚೆಗೊಂದು, ದಿನದ ಅರ್ಧ ಹೊತ್ತು ಎರಡೂ ಸುಮ್ಮನಿರುತ್ತವೆ. ಥಾಯ್ಲೆಂಡಿನ ವ್ಯಾಪಾರಿ ಮನೆತನಗಳನ್ನು ನೋಡಿದ 2008ರ ಅಧ್ಯಯನವೊಂದು, ಉದ್ಯಮದಲ್ಲಿ ಪಾಲ್ಗೊಂಡ ಗಂಡುಮಕ್ಕಳು ಹೆಚ್ಚಿದಷ್ಟೂ ಕಂಪನಿಯ ಸಾಧನೆ ಕುಗ್ಗುತ್ತದೆ, ಅದರಲ್ಲೂ ಸ್ಥಾಪಕ ತೀರಿಕೊಂಡ ಮೇಲೆ, ಎನ್ನುತ್ತದೆ. ಅದನ್ನು ಓದಿದ ದಿನ ನನಗೆ ಕಾಕಾನ ಮನೆಯ ಊಟ ನೆನಪಾಯಿತು. ಪಾಲಾದ ಮೇಲೆ ಅಲ್ಲಿ ಉಂಡಿಲ್ಲ.

ಕರ್ನಾಟಕದ ದೊಡ್ಡ ಹೆಸರುಗಳಲ್ಲೂ ಇದೇ ಕಥೆ ಬೇರೆ ಬೇರೆ ರೂಪದಲ್ಲಿದೆ. ಬೆಂಗಳೂರಿನ ಎಂಟಿಆರ್ 1924ರಲ್ಲಿ ಮಯ್ಯ ಸಹೋದರರಿಂದ ಶುರುವಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಿಂದ ಇಡ್ಲಿ ಮಾಡಿದ್ದು ತಾವೇ ಎಂದು ಅವರು ಹೇಳುತ್ತಾರೆ. ಅಕ್ಕಿ ಮಿಲ್ಲಿನ ಮಗಳಾಗಿ ನಾನು ರವೆ ಇಡ್ಲಿಯನ್ನು ಸ್ವಲ್ಪ ಅನುಮಾನದಿಂದಲೇ ತಿನ್ನುತ್ತೇನೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಯ ಬೆಲೆ ಕಟ್ಟಿಹಾಕಿ ಹೋಟೆಲ್ ನಡೆಸುವುದು ಕಷ್ಟವಾದಾಗ ಪುಡಿ, ಮಿಕ್ಸ್‌ಗಳ ವ್ಯಾಪಾರಕ್ಕೆ ಕೈಹಾಕಿದರು. ಆ ಮಿಕ್ಸ್‌ಗಳ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು. ಹೋಟೆಲ್ ಮನೆತನದ ಇನ್ನೊಂದು ಕವಲಿನಲ್ಲಿ ಉಳಿಯಿತು, ಅಲ್ಲಿ ಮುಂದೆ ನಿಂತವರು ಮಗಳು ಹೇಮಮಾಲಿನಿ ಮಯ್ಯ, ತಮ್ಮಂದಿರ ಜೊತೆಗೆ. ಮೈಸೂರಿನ ಸೈಕಲ್ ಅಗರಬತ್ತಿಯದು 1948ರಿಂದ ನಡೆದು ಬಂದ ಹಾದಿ, ಕಂಪನಿಯ ಹೆಸರೇ ಎನ್. ರಂಗರಾವ್ ಅಂಡ್ ಸನ್ಸ್. ಕಾಫಿ ಡೇಯಲ್ಲಿ 2019ರಲ್ಲಿ ಸಿದ್ಧಾರ್ಥ ಹೋದ ಮೇಲೆ, 2020ರ ಡಿಸೆಂಬರಿನಲ್ಲಿ ಸಾಲದ ಬೆಟ್ಟದ ಕೆಳಗೆ ಬಂದು ಕೂತವರು ಮಾಳವಿಕಾ ಹೆಗ್ಡೆ. ಹೆಂಡತಿಗೋ ಮಗಳಿಗೋ ಬೋರ್ಡು ಸಿಗುವುದು ಸಾವು ಬಂದಾಗ, ಇಲ್ಲವೇ ಸಾಲ ಬಂದಾಗ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಮ್ಮೆ ಬರೆದುಕೊಂಡಿದ್ದೆ. ಪ್ರಬಂಧಕ್ಕೆ ಹಾಕುವಷ್ಟು ಪುರಾವೆ ಇಲ್ಲ, ಹಾಗಾಗಿ ಅದು ಅಲ್ಲೇ ಇದೆ.

ಕುಟುಂಬವೇ ಇಲ್ಲದ ಒಡೆತನ ಹೇಗಿರುತ್ತದೆ ಎಂದು ನೋಡಬೇಕಾದರೆ ನಾವು ದೂರ ಹೋಗಬೇಕಿಲ್ಲ, ಲಿಂಗಸುಗೂರು ತಾಲ್ಲೂಕಿನ ಹಟ್ಟಿಗೆ ಹೋದರೆ ಸಾಕು. ನಿಜಾಮರ ರಾಜ್ಯದಲ್ಲಿ 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು ಶುರುವಾದ ಕಂಪನಿ ಈಗ ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ಇದು ಉಳಿಯಿತು. ಯಾರ ಅಪ್ಪನ ಹೆಸರೂ ಬೋರ್ಡಿನ ಮೇಲಿಲ್ಲ. ಆದರೆ ಅಲ್ಲಿನ ಕಾರ್ಮಿಕರ ಕಾಲೊನಿಯಲ್ಲಿ ಕೂತು ಮಾತಾಡಿದರೆ ಮಾತು ಬಂದು ನಿಲ್ಲುವುದು ಒಂದೇ ಕಡೆ: ಕೆಳಗಿಳಿದು ದುಡಿದು ಆರೋಗ್ಯ ಕಳೆದುಕೊಂಡವನ ನೌಕರಿ ಮಗನಿಗೆ ಸಿಗಬೇಕು. ಒಡೆತನ ಬಿಟ್ಟುಕೊಡಲು ಇಲ್ಲದವರು ನೌಕರಿಯನ್ನಾದರೂ ಬಿಟ್ಟುಕೊಡಲು ನೋಡುತ್ತಾರೆ.

ಅವ್ವನ ತವರು ಮಸ್ಕಿ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕಲು ಬಂದು ಅಶೋಕನ ಶಾಸನ ಕಂಡ ಊರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಇದ್ದದ್ದು ‘ದೇವಾನಾಂಪ್ರಿಯ’ ಎಂಬ ಬಿರುದು. ಅಶೋಕ ಎಂಬ ಹೆಸರು ಕಣ್ಣಿಗೆ ಬಿದ್ದದ್ದು ಮಸ್ಕಿಯ ಬಂಡೆಯ ಮೇಲೆ. ವಾಣಿಜ್ಯದ ವಿದ್ಯಾರ್ಥಿಗೆ ಇದು ಫರ್ಮಿನ ಹೆಸರಿನ ಹಿಂದಿರುವ ಪಾಲುದಾರನ ಹೆಸರು ಸಿಕ್ಕ ಹಾಗೆ. ಅವ್ವನ ಅಣ್ಣತಮ್ಮಂದಿರದು ಹತ್ತಿ ವ್ಯಾಪಾರ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಾಯಿತು. ಕರ್ನಾಟಕದಲ್ಲಿ 1994ರಲ್ಲೇ ಅಂಥದ್ದೊಂದು ತಿದ್ದುಪಡಿ ಬಂದಿತ್ತು. ಕಾಯ್ದೆ ಬಂದ ಒಂದೆರಡು ವರ್ಷದಲ್ಲೇ ಅವ್ವ ಮತ್ತು ಅವ್ವನ ಅಕ್ಕತಂಗಿಯರನ್ನು ಒಂದು ಗಾಡಿಯಲ್ಲಿ ಲಿಂಗಸುಗೂರಿಗೆ ಕರೆದೊಯ್ದರು. ಆಗ ಮಸ್ಕಿ ಆ ತಾಲ್ಲೂಕಿನಲ್ಲೇ ಇತ್ತು. ಸಬ್ ರಿಜಿಸ್ಟ್ರಾರ್ ಮುಂದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ, ಆಮೇಲೆ ಹೋಟೆಲಿನಲ್ಲಿ ಊಟ, ಮನೆಗೆ ಬಂದ ಮೇಲೆ ಸೀರೆ, ಕುಪ್ಪಸ, ಉಡಿ ತುಂಬುವುದು. ನಾನೂ ಹೋಗಿದ್ದೆ. ನನಗೆ ನೆನಪಿರುವುದು ಐಸ್‌ಕ್ರೀಮ್ ಮಾತ್ರ.

ಕುಟುಂಬದ ಉದ್ಯಮಗಳನ್ನು ಹೊಗಳುವ ಪ್ರಬಂಧಗಳಲ್ಲಿ ಒಂದು ಮಾತು ಬಂದೇ ಬರುತ್ತದೆ, ‘ತಾಳ್ಮೆಯ ಬಂಡವಾಳ’. ಹೊರಗಿನ ಹೂಡಿಕೆದಾರ ಮೂರು ತಿಂಗಳಿಗೊಮ್ಮೆ ಲಾಭ ಕೇಳುತ್ತಾನೆ, ಮನೆಯ ದುಡ್ಡು ಹಾಗೆ ಕೇಳುವುದಿಲ್ಲ, ವರ್ಷಗಟ್ಟಲೆ ಕಾಯುತ್ತದೆ, ಹಾಗಾಗಿ ಮನೆತನದ ಕಂಪನಿಗಳು ದೂರದ ಯೋಚನೆ ಮಾಡಬಲ್ಲವು ಎಂಬುದು ವಾದ. ವಾದ ಸರಿ. ಆದರೆ ಆ ತಾಳ್ಮೆ ಯಾರದು? ಮಸ್ಕಿಯ ಹತ್ತಿ ಅಂಗಡಿಯಲ್ಲಿ ಅವ್ವನ ಪಾಲು ಬಡ್ಡಿಯಿಲ್ಲದೆ, ಲಾಭಾಂಶವಿಲ್ಲದೆ, ಹಿಂತಿರುಗಿಸುವ ಮಾತೂ ಇಲ್ಲದೆ ಉಳಿದುಬಿಟ್ಟಿದೆ. ಒಂದು ಸೀರೆಗೆ ಅಷ್ಟು ಬಂಡವಾಳ ಯಾವ ಬ್ಯಾಂಕೂ ಕೊಡುವುದಿಲ್ಲ. ನನ್ನ ಪ್ರಶ್ನಾವಳಿ ತುಂಬಿದ ಮಿಲ್ಲುಗಳಲ್ಲಿ ಹಲವು ಕಡೆ ಪಾಲುದಾರರ ಪಟ್ಟಿಯಲ್ಲಿ ತಾಯಿ, ಹೆಂಡತಿ, ಸೊಸೆಯ ಹೆಸರಿದೆ. ತೆರಿಗೆ ಹಂಚಿಕೊಳ್ಳಲು ಹೆಸರು ಬೇಕು, ಮಹಿಳಾ ಉದ್ಯಮಿ ಎಂದರೆ ಸಾಲ ಸುಲಭ. ಅಂಕಿಅಂಶದ ಕಾಲಂನಲ್ಲಿ ಅವರೆಲ್ಲ ‘ಕುಟುಂಬದ ಒಡೆತನ’ದ ಶೇಕಡಾವಾರಿಗೆ ಸೇರಿಹೋಗುತ್ತಾರೆ. “ಅಮ್ಮಾವರನ್ನು ಭೇಟಿ ಮಾಡಬಹುದಾ?” ಎಂದರೆ, “ಮನ್ಯಾಗ ಅದಾರ, ಚಹಾ ಕಳಸ್ತಾರ” ಎನ್ನುತ್ತಾರೆ.

ಡೆನ್ಮಾರ್ಕಿನ ಅಧ್ಯಯನವೊಂದನ್ನು ನಾನು ಎಷ್ಟೋ ಸಲ ತೆರೆದು ಮುಚ್ಚಿದ್ದೇನೆ. ಬೆನೆಡ್ಸೆನ್ ಮತ್ತು ಸಂಗಡಿಗರದು, 2007ರದು. ಕಂಪನಿಯನ್ನು ಮನೆಯವರಿಗೇ ವಹಿಸಿದರೆ ಲಾಭಕ್ಕೆ ಏನಾಗುತ್ತದೆ ಎಂದು ಅಳೆಯುವುದು ಕಷ್ಟ, ಯಾಕೆಂದರೆ ಚೆನ್ನಾಗಿರುವ ಕಂಪನಿಗಳನ್ನೇ ಮಕ್ಕಳಿಗೆ ಕೊಡುತ್ತಿರಬಹುದು, ಇಲ್ಲವೇ ಕೆಟ್ಟವನ್ನು. ಈ ಗೋಜಲು ಬಿಡಿಸಲು ಅವರು ಹಿಡಿದ ಎಳೆ, ಯಜಮಾನನ ಮೊದಲ ಮಗು ಗಂಡೋ ಹೆಣ್ಣೋ ಎಂಬುದು. ಅದು ಯಾರ ಕೈಯಲ್ಲೂ ಇಲ್ಲ, ಬರೀ ಆಕಸ್ಮಿಕ. ಮೊದಲನೆಯದು ಗಂಡಾದರೆ ಕುರ್ಚಿ ಮನೆಯೊಳಗೇ ಉಳಿಯುವುದು ಹೆಚ್ಚು. ಹೆಣ್ಣಾದರೆ ಹೊರಗಿನವರಿಗೆ ಹೋಗುವುದು ಹೆಚ್ಚು. ಹಾಗೆ ಅಳೆದಾಗ, ಮನೆಯವರಿಗೇ ಕೊಟ್ಟಲ್ಲಿ ಆಸ್ತಿಯ ಮೇಲಿನ ಗಳಿಕೆ ಕನಿಷ್ಠ 4 ಶೇಕಡಾಂಶ ಇಳಿದಿತ್ತು. ಸಂಖ್ಯಾಶಾಸ್ತ್ರದಲ್ಲಿ ಇಂಥ ಎಳೆಗೆ ಇನ್‌ಸ್ಟ್ರುಮೆಂಟಲ್ ವೇರಿಯಬಲ್ ಎನ್ನುತ್ತಾರೆ. ನಾನು ನಮ್ಮಪ್ಪನ ಮೊದಲ ಮಗು. ಡೆನ್ಮಾರ್ಕಿನ ಲೆಕ್ಕದಲ್ಲಿ ನಾನು ಹುಟ್ಟಿದ್ದು ಮಿಲ್ಲಿಗೆ ಒಳ್ಳೆಯದೇ ಆಗಬೇಕಿತ್ತು. ಎರಡು ವರ್ಷಕ್ಕೆ ತಮ್ಮ ಹುಟ್ಟಿ ಲೆಕ್ಕ ಕೆಟ್ಟಿತು. ಮಗನಿಲ್ಲದ ಮನೆಗಳು ಕಂಡುಕೊಂಡ ದಾರಿಗಳೂ ಇವೆ. ಜಪಾನಿನಲ್ಲಿ ಅಳಿಯನನ್ನೇ ದತ್ತು ತೆಗೆದುಕೊಳ್ಳುತ್ತಾರೆ, ಮಾರುತಿ ಕಾರಿನ ಮೂಲಕ ನಮಗೆಲ್ಲ ಪರಿಚಯವಾದ ಒಸಾಮು ಸುಜುಕಿ ಹಾಗೆ ಬಂದವರು. ನಮ್ಮಲ್ಲಿ ಮನೆಅಳಿಯ ಎನ್ನುತ್ತೇವೆ, ಕ್ಯಾಂಪಿನವರು ಇಲ್ಲರಿಕ ಎನ್ನುತ್ತಾರೆ. ಮಗಳ ಗಂಡ ಕುರ್ಚಿಯಲ್ಲಿ ಕೂರುವುದು ಮಗಳು ಕೂರುವುದಕ್ಕಿಂತ ಎಲ್ಲ ದೇಶದಲ್ಲೂ ಸುಲಭ ಅಂತ ಕಾಣುತ್ತದೆ.

ಈ ವರ್ಷ ತಮ್ಮನಿಗೆ ಭತ್ತ ಒಣಗಿಸುವ ದೊಡ್ಡ ಡ್ರೈಯರ್ ಹಾಕಿಸಬೇಕಿದೆ. ಯೋಚನೆ ಒಳ್ಳೆಯದು, ಅವನ ಲೆಕ್ಕವನ್ನು ನಾನೇ ನೋಡಿದ್ದೇನೆ. ಸಾಲ ಕೊಡುವವರು ಜಾಗದ ಕಾಗದಪತ್ರ ಕೇಳಿದರು. ಜಾಗ ಅಜ್ಜನ ಕಾಲದ್ದು. ಹಾಗಾಗಿ ಮಗಳ ಹಕ್ಕು ಬಿಡುಗಡೆ ಬೇಕು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್, ಮಗಳ ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದ ಮೇಲೆ ವಕೀಲರೂ ಬ್ಯಾಂಕಿನವರೂ ಹೆಚ್ಚು ಎಚ್ಚರವಾಗಿದ್ದಾರೆ. ಕೋರ್ಟು ಕೊಟ್ಟ ಹಕ್ಕಿನಿಂದ ನಮ್ಮ ಮನೆಗಳಲ್ಲಿ ಸದ್ಯಕ್ಕೆ ಆಗಿರುವುದು ಇಷ್ಟು: ಮೊದಲು ಕೇಳದೇ ಬಿಡುತ್ತಿದ್ದ ಸಹಿಯನ್ನು ಈಗ ಕೇಳುತ್ತಾರೆ.

ಪಾಲು ಚೂರುಚೂರಾದರೆ ಉದ್ಯಮ ಸೊರಗುತ್ತದೆ ಎಂಬುದಕ್ಕೆ ನಮ್ಮ ಗೋಡೆಗಿಂತ ಬೇರೆ ಪುರಾವೆ ಬೇಡ. ಹಿಡಿತ ಒಂದು ಕಡೆ ಇದ್ದರೆ ಡ್ರೈಯರ್ ಬೇಗ ಬರುತ್ತದೆ ಎಂದು ನನ್ನದೇ ಮೂರನೇ ಅಧ್ಯಾಯ ಹೇಳುತ್ತದೆ. ಅದು ಯಾರ ಪಾಲು ಬಿಟ್ಟುಕೊಟ್ಟು ಒಂದು ಕಡೆ ಸೇರಬೇಕು ಎಂಬುದರ ಬಗ್ಗೆ ಆ ಅಧ್ಯಾಯದಲ್ಲಿ ಏನೂ ಇಲ್ಲ. ತಮ್ಮ ಕೆಟ್ಟವನಲ್ಲ. ಫೋನ್ ಮಾಡಿ ನೇರವಾಗಿ ಕೇಳಿದ, “ಅಕ್ಕಾ, ನೀ ಮಿಲ್ಲಿಗೆ ಬಂದು ಕುಂಡ್ರತಿ ಅಂದ್ರ ಹೇಳು, ಅರ್ಧ ನೋಡ್ಕೋ. ಬರಂಗಿಲ್ಲ ಅಂದ್ರ ಸಹಿ ಮಾಡು.” ನ್ಯಾಯವಾದ ಮಾತಿನಂತೆಯೇ ಕೇಳಿಸಿತು. ಆದರೆ ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿ ಕೂತ ಕಾಕಾನ ಮಗನಿಗೆ ಗೋಡೆಯ ಆಚೆ ಯಾರೂ ಈ ಪ್ರಶ್ನೆ ಕೇಳಿಲ್ಲ. ಅವನ ಪಾಲು ಅವನು ಬರದಿದ್ದರೂ ಅವನದೇ.

ಸಹಿಗೆ ಮುಂಚೆ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಬೇಕು ಎಂದೆ. “ಥೀಸಿಸ್‌ಗೇನು?” ಎಂದರು ಅಪ್ಪ. “ಎರಡಕ್ಕೂ” ಎಂದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ತಮ್ಮ ಪ್ರಿಂಟ್ ತೆಗೆಸಿ ತಂದು, ಡೈನಿಂಗ್ ಟೇಬಲ್ ಮೇಲಿಟ್ಟು ಮಿಲ್ಲಿಗೆ ಹೋದ.

ಅಪ್ಪ, ಅವ್ವ, ತಮ್ಮ, ಮೂವರು ಪಾಲುದಾರರು. ಪಾಲಾದ ದಿನದಿಂದ ಅವ್ವ ಅಪ್ಪ ತೋರಿಸಿದ ಕಡೆ ಸಹಿ ಮಾಡುತ್ತಾ ಬಂದವಳು, ಚೆಕ್ಕಿಗೂ, ಸಾಲದ ಕಾಗದಕ್ಕೂ. ನಾನು ಹಾಳೆ ತಿರುವುತ್ತಿದ್ದಾಗ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಕನ್ನಡಕ ತರಲು ಹೇಳಿದಳು, ತಂದೆ.

“ನನ್ನ ಹೆಸರು ಎಲ್ಲೈತಿ ತೋರ್ಸು.”

ಬಂಡವಾಳ ಖಾತೆಯ ಎರಡನೇ ಸಾಲು ತೋರಿಸಿದೆ. ಅಂಕಿಯ ಕೆಳಗೆ ಬೆರಳಿಟ್ಟುಕೊಂಡು ಎಡದಿಂದ ಬಲಕ್ಕೆ ಒಂದೊಂದೇ ಸ್ಥಾನ ಎಣಿಸಿದಳು.

“ಇದು ನಂದಾ?”

“ನಿಂದೇ.”

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಏಳಲಿಲ್ಲ.

“ಹೋದ ವರ್ಸದ್ದೂ ಓದು” ಎಂದಳು.